1 ಟಿಬಿ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ: ಕ್ಲೋನ್ ಮಾಡೋದೋ, ವಿಂಡೋಸ್ ಹೊಸದಾಗಿ ಹಾಕೋದೋ?

ಮಲೆನಾಡ_ಮೋಡ

ನಮಸ್ಕಾರ. 2018ರ 15.6 ಇಂಚಿನ ಲ್ಯಾಪ್‌ಟಾಪ್. ಇಂಟೆಲ್ ಐ5-8250ಯು, 8 ಜಿಬಿ ಡಿಡಿಆರ್4 ರ‍್ಯಾಮ್, 1 ಟಿಬಿಯ 5400 ಆರ್‌ಪಿಎಂ ಹಾರ್ಡ್ ಡಿಸ್ಕ್, ವಿಂಡೋಸ್ 10 ಹೋಮ್. ಸಿ ಡ್ರೈವ್‌ನಲ್ಲಿ 190 ಜಿಬಿ, ಡಿ ಡ್ರೈವ್‌ನಲ್ಲಿ 120 ಜಿಬಿ ತುಂಬಿದೆ. ಆನ್ ಮಾಡಿ ಹತ್ತು ನಿಮಿಷ ಆದರೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100%ನಲ್ಲೇ ನಿಂತಿರುತ್ತೆ. ಓದು-ಬರಹದ ವೇಗ ನೋಡಿದರೆ ಸೆಕೆಂಡಿಗೆ 1ರಿಂದ 2 ಎಂಬಿ ಅಷ್ಟೇ. ಟ್ಯಾಲಿ, ನುಡಿ, ಔಟ್‌ಲುಕ್ ಮೂರೂ ಇದರಲ್ಲೇ ಇವೆ. 500 ಜಿಬಿ ಎಸ್‌ಎಸ್‌ಡಿ ಹಾಕೋ ಯೋಚನೆ. ಯಾವ ಥರದ್ದು ಕೂರುತ್ತೆ ಅಂತ ತಿಳ್ಕೊಳ್ಳೋದು ಹೇಗೆ? ಇರೋದನ್ನೇ ಕ್ಲೋನ್ (ಇಡೀ ಡಿಸ್ಕ್ ಇದ್ದ ಹಾಗೇ ನಕಲು) ಮಾಡಲಾ, ಹೊಸದಾಗಿ ವಿಂಡೋಸ್ ಹಾಕಲಾ?

ತಿರುಪು_ಮೊಳೆ

100% ಅಂದರೆ ಡಿಸ್ಕ್ ರಾಶಿ ರಾಶಿ ಡೇಟಾ ಸಾಗಿಸ್ತಿದೆ ಅಂತಲ್ಲ ಸರ್, ಅದಕ್ಕೆ ಉಸಿರಾಡೋಕೂ ಬಿಡುವಿಲ್ಲ ಅಂತ. ಲೆಕ್ಕ ಹಾಕಿ ನೋಡಿ. ತಟ್ಟೆ ನಿಮಿಷಕ್ಕೆ 5400 ಸುತ್ತು, ಅಂದರೆ ಒಂದು ಸುತ್ತಿಗೆ 11.1 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು, 5.6. ಹೆಡ್ ಒಂದು ಟ್ರ್ಯಾಕ್‌ನಿಂದ ಇನ್ನೊಂದಕ್ಕೆ ಸರಿಯೋಕೆ ಸುಮಾರು 12. ಎರಡೂ ಸೇರಿದರೆ 17-18 ಮಿಲಿಸೆಕೆಂಡ್. ಸೆಕೆಂಡಿಗೆ 55-60 ಕೋರಿಕೆ ಮುಗಿದರೆ ಹೆಚ್ಚು. ವಿಂಡೋಸ್ ಏಳುವಾಗ ಡಿಫೆಂಡರ್, ಅಪ್‌ಡೇಟ್, ಸರ್ಚ್ ಇಂಡೆಕ್ಸ್ ಎಲ್ಲ ಒಟ್ಟಿಗೆ ಮುಗಿಬಿದ್ದು ಕೇಳೋದು ಅಲ್ಲಲ್ಲಿ ಚದುರಿರೋ ಸಾವಿರಾರು ಚಿಕ್ಕ ಚೂರುಗಳನ್ನ. ಹಾಗಾಗಿ 1-2 ಎಂಬಿ. ಎಸ್‌ಎಸ್‌ಡಿಯಲ್ಲಿ ತಿರುಗೋ ತಟ್ಟೆಯೂ ಇಲ್ಲ, ಸರಿಯೋ ಹೆಡ್ಡೂ ಇಲ್ಲ. ಒಂದು ಕೋರಿಕೆಗೆ 0.1 ಮಿಲಿಸೆಕೆಂಡ್ ಆಸುಪಾಸು. ಡಬ್ಬದ ಮೇಲೆ ದಪ್ಪಕ್ಷರದಲ್ಲಿರೋ 550 ಎಂಬಿ, 3500 ಎಂಬಿ ಎಲ್ಲ ದೊಡ್ಡ ಫೈಲ್ ಸಾಗಿಸುವಾಗಿನ ವೇಗ. ದಿನಾ ನಿಮ್ಮ ಅನುಭವಕ್ಕೆ ಬರೋದು ಈ 0.1.

ಯಾವುದು ಕೂರುತ್ತೆ ಅನ್ನೋದಕ್ಕೆ: ಲ್ಯಾಪ್‌ಟಾಪ್ ಕೆಳಗಿನ ಚೀಟಿಯಲ್ಲಿರೋ ಪೂರ್ತಿ ಮಾಡೆಲ್ ನಂಬರ್ ತಗೊಂಡು, ಕಂಪನಿ ಸೈಟ್‌ನಲ್ಲಿ ಅದರ ಸರ್ವಿಸ್ ಮ್ಯಾನ್ಯುಯಲ್ ಪಿಡಿಎಫ್ ಇಳಿಸಿ. ಬಳಕೆದಾರರ ಕೈಪಿಡಿ ಅಲ್ಲ, ಬಿಚ್ಚೋ ಚಿತ್ರಗಳಿರೋ ಮ್ಯಾನ್ಯುಯಲ್. ಅದರಲ್ಲಿ ಎರಡು ವಿಷಯ ನೋಡಿ. 2.5 ಇಂಚಿನ ಬೇ (ಡಿಸ್ಕ್ ಕೂರೋ ಗೂಡು) ಎಷ್ಟು ದಪ್ಪದ ಡ್ರೈವ್ ತಗೊಳ್ಳುತ್ತೆ, 7 ಮಿಮೀನೋ 9.5 ಮಿಮೀನೋ. ಎಂ.2 ಸ್ಲಾಟ್ (ಚಪ್ಪಟೆ ಕಾರ್ಡ್ ಥರದ ಎಸ್‌ಎಸ್‌ಡಿ ಕೂರೋ ಜಾಗ) ಇದೆಯಾ, ಇದ್ದರೆ ಉದ್ದ 2280ನಾ 2242ನಾ (22 ಅಗಲ, 80 ಅಥವಾ 42 ಉದ್ದ, ಮಿಮೀನಲ್ಲಿ), ಅದರಲ್ಲಿ ಸಾಟಾ ಮಾತ್ರವೋ, ಎನ್‌ವಿಎಂಇನೂ ಓಡುತ್ತೋ (ಎರಡೂ ಡ್ರೈವ್ ಬೋರ್ಡ್ ಜತೆ ಮಾತಾಡೋ ಬಗೆ; ಎನ್‌ವಿಎಂಇ ಪಿಸಿಐಇ ದಾರಿಯಲ್ಲಿ ಓಡೋ ವೇಗದ್ದು).

ಜನ ಎಡವೋದು ಈ ಕೊನೇದರಲ್ಲೇ. ಎಂ.2 ಅನ್ನೋದು ಆಕಾರದ ಹೆಸರು, ಭಾಷೆಯ ಹೆಸರಲ್ಲ. ಸಾಟಾ ಮಾತ್ರ ಗೊತ್ತಿರೋ ಸ್ಲಾಟ್‌ಗೆ ಎನ್‌ವಿಎಂಇ ಹಾಕಿದರೆ ಏನೂ ಸುಡಲ್ಲ, ಆದರೆ ಬಯಾಸ್‌ಗೆ (ವಿಂಡೋಸ್‌ಗೂ ಮುಂಚೆ ಏಳೋ ಬೋರ್ಡ್‌ನ ಪ್ರೋಗ್ರಾಂಗೆ) ಅದು ಕಾಣೋದೇ ಇಲ್ಲ. ಎರಡು ಕಚ್ಚು ಇರೋ ಕಾರ್ಡ್ ಸಾಮಾನ್ಯವಾಗಿ ಸಾಟಾ, ಒಂದೇ ಕಚ್ಚು ಇದ್ದರೆ ಬಹುಪಾಲು ಎನ್‌ವಿಎಂಇ. ಆದರೂ ಕಚ್ಚು ನೋಡಿ ದುಡ್ಡು ಕೊಡಬೇಡಿ, ಮ್ಯಾನ್ಯುಯಲ್ ನೋಡಿ ಕೊಡಿ.

ಕೊಳ್ಳೋಕೆ ಮುಂಚೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ (ಡಿಸ್ಕ್ ಆರೋಗ್ಯ ತೋರಿಸೋ ಸಾಫ್ಟ್‌ವೇರ್) ಹಾಕಿ, ಈಗಿರೋ ಡಿಸ್ಕ್‌ನ 05 (ಬದಲಿಸಿಕೊಂಡ ಸೆಕ್ಟರ್, ಅಂದರೆ ಡಿಸ್ಕ್‌ನ ಚಿಕ್ಕ ಚೂರು), ಸಿ5 ಮತ್ತು ಸಿ6 (ಓದೋಕಾಗದ ಸೆಕ್ಟರ್), ಸಿ7 (ಕೇಬಲ್ ದೋಷ) ಸಾಲುಗಳಲ್ಲಿ ಏನಿದೆ ಹೇಳಿ. ಕ್ಲೋನೋ ಹೊಸದೋ ಅನ್ನೋದು ಅದರ ಮೇಲೆ ನಿಂತಿದೆ.

ಮಲೆನಾಡ_ಮೋಡ

ಮ್ಯಾನ್ಯುಯಲ್ ಸಿಕ್ಕಿತು. 2.5 ಇಂಚಿನ ಬೇ 7 ಮಿಮೀ. ಎಂ.2 2280 ಸ್ಲಾಟ್ ಒಂದು ಖಾಲಿ ಇದೆ, ಸಾಟಾ ಮತ್ತು ಪಿಸಿಐಇ 3.0 ಎಕ್ಸ್2 ಎರಡೂ ಅಂತ ಬರೆದಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಳದಿ ಬಣ್ಣ ತೋರಿಸ್ತಿದೆ. 05ರಲ್ಲಿ ಸೊನ್ನೆ. ಸಿ5 ಮತ್ತು ಸಿ6 ಎರಡರಲ್ಲೂ ಸಾಲುಗಟ್ಟಲೆ ಸೊನ್ನೆ, ಕೊನೆಗೆ 18. ಸಿ7 ಸೊನ್ನೆ.

ಅರ್ಧರಾತ್ರಿ_ಲಿನಕ್ಸ್

ಆ 18 ನಮ್ಮ ಹದಿನೆಂಟಲ್ಲ. ಆ ಕಾಲಂ ಮೂಲತಃ ಹದಿನಾರರ ಎಣಿಕೆಯಲ್ಲಿರುತ್ತೆ, ಹಾಗಾಗಿ 24. ಫಂಕ್ಷನ್ ಮೆನುವಿನ ಅಡ್ವಾನ್ಸ್‌ಡ್ ಫೀಚರ್‌ನಲ್ಲಿ ರಾ ವ್ಯಾಲ್ಯೂಸ್ ಅನ್ನೋದನ್ನ 10ಕ್ಕೆ ಬದಲಾಯಿಸಿದರೆ ಸೀದಾ ಓದಬಹುದು. 24 ಸೆಕ್ಟರ್ ಓದೋಕಾಗದೆ ನಿಂತಿವೆ ಅಂತ ಅರ್ಥ. 05 ಇನ್ನೂ ಸೊನ್ನೆ ಇದೆ ಅಂದರೆ ಡಿಸ್ಕ್ ಅವನ್ನ ಮೀಸಲು ಜಾಗಕ್ಕೆ ಬದಲಿಸಿಕೊಂಡಿಲ್ಲ. ಬರೆಯೋ ಅವಕಾಶ ಸಿಗೋವರೆಗೂ ಬದಲಿಸೋದೂ ಇಲ್ಲ.

ಹಾಗಾಗಿ ನಿಮ್ಮ ವಿಷಯದಲ್ಲಿ ಕ್ಲೋನ್ ಮಾತು ಬಿಡಿ. ಸಾಮಾನ್ಯ ಕ್ಲೋನ್ ಸಾಫ್ಟ್‌ವೇರ್ ಆ ಸೆಕ್ಟರ್‌ಗೆ ಬಂದಾಗ ದೋಷ ಅಂತ ನಿಲ್ಲುತ್ತೆ, ಇಲ್ಲಾ ಅದೇ ಜಾಗದಲ್ಲಿ ಗಂಟೆಗಟ್ಟಲೆ ಕುಕ್ಕುತ್ತೆ. ಡಿಡಿರೆಸ್ಕ್ಯೂ ಅನ್ನೋ ಲಿನಕ್ಸ್ ಸಾಧನ ಕೆಟ್ಟ ಜಾಗ ಬಿಟ್ಟು ಮುಂದೆ ಹೋಗಿ, ಮ್ಯಾಪ್ ಫೈಲ್‌ನಲ್ಲಿ ಗುರುತಿಟ್ಟುಕೊಂಡು, ಕೊನೆಗೆ ವಾಪಸ್ ಬಂದು ಪ್ರಯತ್ನಿಸುತ್ತೆ. ಆದರೆ ಇಡೀ ಡಿಸ್ಕನ್ನ ನಕಲು ಮಾಡೋಕೆ ಗುರಿ ಡಿಸ್ಕ್ ಅಷ್ಟೇ ದೊಡ್ಡದಿರಬೇಕು. 1 ಟಿಬಿ 500ಕ್ಕೆ ಇಳಿಯಲ್ಲ. ಆ 24 ಸೆಕ್ಟರ್ ವಿಂಡೋಸ್‌ನ ಯಾವ ಫೈಲ್ ಮೇಲಿವೆಯೋ ಗೊತ್ತಿಲ್ಲ. ಕ್ಲೋನ್ ಹೇಗೋ ಆಯ್ತು ಅಂದ್ಕೊಂಡರೂ, ಹೊಸ ಎಸ್‌ಎಸ್‌ಡಿ ಮೇಲೆ ತೂತು ಬಿದ್ದ ವಿಂಡೋಸ್ ಇಟ್ಕೊಂಡಂಗೆ.

ಇನ್ನೊಂದು: ಯಾರಾದರೂ ‘ಚೆಕ್‌ಡಿಸ್ಕ್ ಸ್ಲ್ಯಾಶ್ ಆರ್ ಓಡಿಸಿ, ಸರಿಹೋಗುತ್ತೆ’ ಅಂದರೆ ಡೇಟಾ ಹೊರಗೆ ತೆಗೆಯೋವರೆಗೂ ಓಡಿಸಬೇಡಿ. ಅದು ಪ್ರತಿ ಸೆಕ್ಟರ್ ಓದುತ್ತೆ. ಸೊರಗಿರೋ ಡಿಸ್ಕ್‌ಗೆ 1 ಟಿಬಿ ಓದಿಸೋ ಶಿಕ್ಷೆ ಬೇಡ. ಇರೋ ಶಕ್ತಿಯನ್ನ ನಿಮ್ಮ ಫೈಲ್ ತೆಗೆಯೋಕೆ ಬಳಸಿ.

ನಕಲು ಮಾಡೋಕೆ ಎಕ್ಸ್‌ಪ್ಲೋರರ್‌ನಲ್ಲಿ ಎಳೆದು ಬಿಡೋದರ ಬದಲು ವಿಂಡೋಸ್‌ನಲ್ಲೇ ಇರೋ ರೋಬೊಕಾಪಿ ಆಜ್ಞೆ ಬಳಸಿ. ಅದರಲ್ಲೊಂದು ಬಲೆ ಇದೆ. ಓದಲಾಗದ ಫೈಲ್ ಸಿಕ್ಕರೆ ಅದು ಮೂಲತಃ 10 ಲಕ್ಷ ಸಲ, ಪ್ರತಿ ಸಲಕ್ಕೂ 30 ಸೆಕೆಂಡ್ ಕಾದು ಪ್ರಯತ್ನಿಸುತ್ತೆ. ಅಂದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಮುಗಿಯಲ್ಲ. ‘/ಆರ್:1 /ಡಬ್ಲ್ಯೂ:1’ ಅಂತ ಹಾಕಿದರೆ ಒಂದೇ ಸಲ ಮತ್ತೆ ನೋಡಿ ಮುಂದೆ ಹೋಗುತ್ತೆ. ಒಳಫೋಲ್ಡರ್‌ಗಳಿಗೆ ‘/ಇ’, ಸುತ್ತಿ ಸುತ್ತಿ ಅದೇ ಫೋಲ್ಡರ್‌ಗೆ ಬರೋ ಜಂಕ್ಷನ್ ತಪ್ಪಿಸೋಕೆ ‘/ಎಕ್ಸ್‌ಜೆ’, ಏನು ಉಳೀತು ಅಂತ ತಿಳಿಯೋಕೆ ‘/ಲಾಗ್’ ಜತೆ ಫೈಲ್ ಹೆಸರು. ಆಜ್ಞೆಗಳನ್ನ ಇಂಗ್ಲಿಷ್ ಕೀಲಿಯಲ್ಲೇ ಒತ್ತಬೇಕು ಅಂತ ಬೇರೆ ಹೇಳಬೇಕಾಗಿಲ್ಲ ಅಂದ್ಕೊಳ್ತೀನಿ. ಮೊದಲು ಟ್ಯಾಲಿ ಡೇಟಾ, ಆಮೇಲೆ ಡಾಕ್ಯುಮೆಂಟ್ಸ್, ಫೋಟೊ. ಸಿನಿಮಾ ಗಿನಿಮಾ ಕೊನೆಗೆ.

ಕರಾವಳಿ_ಕೀಬೋರ್ಡ್

ಇವರ ಡಿಸ್ಕ್‌ಗೆ ಆ ಮಾತು ಸರಿ. ಆದ್ರೆ ಕ್ಲೋನ್ ಅಂದ್ರೇ ಕೆಟ್ಟದ್ದು ಅಂತ ಓದಿದವರಿಗೆ ಅನ್ನಿಸ್ಬಾರ್ದು ಮಾರಾಯ್ರೆ. ಸಿ5 ಸೊನ್ನೆ ಇದ್ದು, ವಿಂಡೋಸ್ ಚೆನ್ನಾಗೇ ಉಂಟು ಅಂತಾದ್ರೆ ಕ್ಲೋನ್ ಒಂದು ಸಂಜೆಯ ಕೆಲಸ. ಕೆಡೋದು ಕ್ಲೋನ್ ಮಾಡುವಾಗ ಅಲ್ಲ, ಅದಕ್ಕೆ ಮುಂಚೆ ಮಾಡದೆ ಬಿಟ್ಟ ಕೆಲಸದಿಂದ. ಆರೋಗ್ಯವಾಗಿರೋ ಡಿಸ್ಕ್ ಇರುವವರು ಇದನ್ನ ನೋಡ್ಕೊಳ್ಳಿ.

ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಆನ್ ಉಂಟಾ ನೋಡಿ. ಹೋಮ್ ಆವೃತ್ತಿಯಲ್ಲೂ ಇರ್ತದೆ, ನೀವು ಆನ್ ಮಾಡಿರ್ಬೇಕು ಅಂತೇನೂ ಇಲ್ಲ. ಇದ್ರೆ ಆಫ್ ಮಾಡಿ, ಪೂರ್ತಿ ಡಿಕ್ರಿಪ್ಟ್ ಆಗುವವರೆಗೆ ಕಾಯಿರಿ. 48 ಅಂಕಿಯ ರಿಕವರಿ ಕೀಯನ್ನ ಮೈಕ್ರೋಸಾಫ್ಟ್ ಖಾತೆಯಿಂದ ತೆಗ್ದು ಕಾಗದದಲ್ಲಿ ಬರ್ಕೊಳ್ಳಿ. ಅದೇ ಲ್ಯಾಪ್‌ಟಾಪ್‌ನೊಳಗೆ ನೋಟ್‌ಪ್ಯಾಡ್‌ನಲ್ಲಿ ಅಲ್ಲ!

2018-19ರ ಕೆಲವು ಮಾಡೆಲ್‌ಗಳಲ್ಲಿ ಎಂ.2 ಸ್ಲಾಟ್‌ನಲ್ಲಿ 16 ಜಿಬಿಯ ಇಂಟೆಲ್ ಆಪ್ಟೇನ್ ಕೂತಿರ್ತದೆ. ಅದು ಬೇರೆ ಡ್ರೈವ್ ಅಲ್ಲ, ಹಾರ್ಡ್ ಡಿಸ್ಕ್‌ಗೆ ಕಟ್ಟಿದ ಕ್ಯಾಶ್. ಇಂಟೆಲ್‌ನ ಆ್ಯಪ್‌ನಲ್ಲಿ ಆಪ್ಟೇನ್ ಡಿಸೇಬಲ್ ಮಾಡದೆ ಕಿತ್ತರೆ ಹಾರ್ಡ್ ಡಿಸ್ಕ್ ಬೂಟ್ ಆಗೋದೂ ಕಷ್ಟ, ಒಳಗಿನ ಡೇಟಾಕ್ಕೂ ಅಪಾಯ.

ಆಮೇಲೆ ‘ಪವರ್‌ಸಿಎಫ್‌ಜಿ /ಎಚ್ ಆಫ್’ ಕೊಡಿ. ಹೈಬರ್ನೇಶನ್, ಫಾಸ್ಟ್ ಸ್ಟಾರ್ಟಪ್ ಎರಡೂ ಹೋಗ್ತದೆ. ದೊಡ್ಡ ಡಿಸ್ಕ್‌ನಿಂದ ಚಿಕ್ಕದಕ್ಕೆ ಹೋಗೋದಾದ್ರೆ ಸಿ ಪಾರ್ಟಿಶನ್ ಕುಗ್ಗಿಸ್ಬೇಕಲ್ಲ, ಆಗ ಡಿಸ್ಕ್ ಮ್ಯಾನೇಜ್‌ಮೆಂಟ್ ‘ಇಷ್ಟೇ ಆಗೋದು’ ಅಂತ ಮಧ್ಯದಲ್ಲೇ ಕೈಯೆತ್ತೋದಕ್ಕೆ ಕಾರಣ ಕದಲದ ಫೈಲ್‌ಗಳು: ಹೈಬರ್ನೇಶನ್, ಪೇಜ್ ಫೈಲ್, ರಿಸ್ಟೋರ್ ಪಾಯಿಂಟ್. ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ ಮತ್ತೆ ನೋಡಿ. ಅಳತೆಯೂ ಗಮನಿಸಿ: ಡಬ್ಬದ ಮೇಲಿನ 500 ಜಿಬಿ ವಿಂಡೋಸ್‌ನಲ್ಲಿ 465, 480 ಅಂದ್ರೆ 447, 512 ಅಂದ್ರೆ 476, 1 ಟಿಬಿ ಅಂದ್ರೆ 931. 500ರ ಹಾರ್ಡ್ ಡಿಸ್ಕ್‌ನಿಂದ 480ರ ಎಸ್‌ಎಸ್‌ಡಿಗೆ ಸೆಕ್ಟರ್‌ಗೆ ಸೆಕ್ಟರ್ ಕ್ಲೋನ್ ಆಗದೆ ಇರೋದು ಇದಕ್ಕೇ. ಕ್ಲೋನ್‌ಜಿಲ್ಲಾದಲ್ಲಿ (ಪುಕ್ಕಟೆ ಕ್ಲೋನ್ ಸಾಫ್ಟ್‌ವೇರ್) ಎಕ್ಸ್‌ಪರ್ಟ್ ಮೋಡ್‌ಗೆ ಹೋಗಿ ‘-ಐಸಿಡಿಎಸ್’ ಮತ್ತು ‘-ಕೆ1’ ಆರಿಸ್ಬೇಕು. ಮೊದಲನೆಯದು ಅಳತೆ ತಪಾಸಣೆ ಬಿಡ್ತದೆ, ಎರಡನೆಯದು ಪಾರ್ಟಿಶನ್‌ಗಳನ್ನ ಹೊಸ ಅಳತೆಗೆ ಹೊಂದಿಸ್ತದೆ. ಕ್ರೂಶಿಯಲ್, ಡಬ್ಲ್ಯೂಡಿ ತಗೊಂಡವರಿಗೆ ಅಕ್ರಾನಿಸ್‌ನ ಆವೃತ್ತಿ, ಸ್ಯಾಮ್‌ಸಂಗ್‌ನವರಿಗೆ ಅವರದ್ದೇ ಡೇಟಾ ಮೈಗ್ರೇಶನ್ ಪುಕ್ಕಟೆ ಸಿಗ್ತದೆ. ಹಳೆ ಲೇಖನಗಳೆಲ್ಲ ಹೇಳುವ ಮ್ಯಾಕ್ರಿಯಂನ ಉಚಿತ ಆವೃತ್ತಿ ಈಗ ಇಲ್ಲ.

2.5 ಇಂಚಿನ ಎಸ್‌ಎಸ್‌ಡಿಗೆ ಯುಎಸ್‌ಬಿ-ಸಾಟಾ ಕೇಬಲ್ ಬೇಕು, ಯುಎಸ್‌ಬಿ 3.0ರದ್ದೇ ತಗೊಳ್ಳಿ. ಯುಎಸ್‌ಬಿ 2.0ದಲ್ಲಿ ಸೆಕೆಂಡಿಗೆ 35 ಎಂಬಿ ಅಂದ್ರೆ 300 ಜಿಬಿಗೆ ಎರಡೂವರೆ ಗಂಟೆ. 3.0ದಲ್ಲಿ ಹಾರ್ಡ್ ಡಿಸ್ಕ್ ಓದುವ ವೇಗವೇ ಮಿತಿ, ಎಲ್ಲ ಸರಿ ಇದ್ರೆ ಒಂದು ಗಂಟೆ.

ಕ್ಲೋನ್ ಆದ ಕೂಡಲೇ ಮಷೀನ್ ಆಫ್ ಮಾಡಿ ಹಳೆ ಡಿಸ್ಕ್ ತೆಗ್ದುಬಿಡಿ. ಎರಡೂ ಸಿಕ್ಕಿಸಿಟ್ಟೇ ಮೊದಲ ಸಲ ಬೂಟ್ ಮಾಡ್ಬೇಡಿ. ಎರಡಕ್ಕೂ ಒಂದೇ ಗುರುತು ಇರ್ತದೆ; ವಿಂಡೋಸ್ ಒಂದನ್ನ ಆಫ್‌ಲೈನ್ ಮಾಡ್ತದೆ, ಇಲ್ಲವಾದ್ರೆ ಹಳೆಯದರಿಂದಲೇ ಎದ್ದು ‘ಏನೂ ವೇಗ ಆಗ್ಲಿಲ್ಲ’ ಅನ್ನೋ ಗೊಂದಲ.

ಬೆಣ್ಣೆದೋಸೆ_ಬೈಟ್

ಕ್ಲೋನ್ ಮಾಡಿದ್ದೇನೋ ಆಯ್ತು ಅಣ್ಣ, 240ರಿಂದ 480ಕ್ಕೆ. ಸಿ ಡ್ರೈವ್ 200 ಜಿಬಿನೇ ಇದೆ, ಉಳಿದದ್ದು ಕಪ್ಪು ಪಟ್ಟಿ ಥರ ಕಾಣ್ತಿದೆ. ಎಕ್ಸ್‌ಟೆಂಡ್ ಒತ್ತೋಕೇ ಬರ್ತಿಲ್ಲ.

ಕರಾವಳಿ_ಕೀಬೋರ್ಡ್

ಮಧ್ಯದಲ್ಲಿ 500 ಎಂಬಿಯಿಂದ 1 ಜಿಬಿಯ ರಿಕವರಿ ಪಾರ್ಟಿಶನ್ ಅಡ್ಡ ಕೂತಿರ್ತದೆ. ವಿಂಡೋಸ್‌ಗೆ ಪಕ್ಕಕ್ಕೇ ತಾಗಿದ ಖಾಲಿ ಜಾಗ ಮಾತ್ರ ಸೇರಿಸಲು ಗೊತ್ತು, ನಡುವಿನದನ್ನ ಸರಿಸಲು ಗೊತ್ತಿಲ್ಲ. ಜಿಪಾರ್ಟೆಡ್ ಲೈವ್ (ಪಾರ್ಟಿಶನ್ ಸರಿಸುವ ಸಾಧನ) ಯುಎಸ್‌ಬಿಯಿಂದ ಬೂಟ್ ಮಾಡಿ ಆ ರಿಕವರಿಯನ್ನ ಬಲತುದಿಗೆ ಸರಿಸಿ, ಸಿಯನ್ನ ಚಾಚಿ, ಅಪ್ಲೈ ಕೊಡಿ. ಅದಕ್ಕೆ ಮುಂಚೆ ‘ರಿಏಜೆಂಟ್‌ಸಿ /ಡಿಸೇಬಲ್’ (ರಿಕವರಿಯನ್ನ ತಾತ್ಕಾಲಿಕವಾಗಿ ನಿಲ್ಲಿಸುವ ಆಜ್ಞೆ), ಮುಗಿದು ವಿಂಡೋಸ್‌ಗೆ ಬಂದ ಮೇಲೆ ‘/ಎನೇಬಲ್’. ಚಾರ್ಜರ್ ಹಾಕಿಟ್ಟೇ ಮಾಡಿ. ಸರಿಸುವಾಗ ಕರೆಂಟ್ ಹೋದ್ರೆ ಪಾರ್ಟಿಶನ್ ಹೋದಂತೆ.

ಲೆಕ್ಕಪತ್ರ_ಮೇಷ್ಟ್ರು

ಹೊಸದಾಗಿ ವಿಂಡೋಸ್ ಹಾಕುವವರು ಫೈಲ್ ನಕಲು ಮಾಡಿ ಕೈ ತೊಳೆದುಕೊಂಡರೆ ಸಾಲದು. ಕಚೇರಿ ಕೆಲಸದ ಲ್ಯಾಪ್‌ಟಾಪ್‌ಗಳಲ್ಲಿ ನಾಲ್ಕು ವಸ್ತು ಯಾವಾಗಲೂ ಮರೆತುಹೋಗುತ್ತವೆ.

ಟ್ಯಾಲಿ: ಡೇಟಾ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ. ಸಾಮಾನ್ಯವಾಗಿ ಸಿ ಡ್ರೈವ್‌ನ ಯೂಸರ್ಸ್, ಅದರೊಳಗೆ ಪಬ್ಲಿಕ್, ಅದರೊಳಗೆ ಟ್ಯಾಲಿಪ್ರೈಮ್ (ಹಳೆಯದಾದರೆ ಟ್ಯಾಲಿ.ಇಆರ್‌ಪಿ9), ಅದರೊಳಗಿನ ಡೇಟಾ ಫೋಲ್ಡರ್. 10000, 10001 ಎಂಬಂಥ ಅಂಕಿಯ ಫೋಲ್ಡರ್‌ಗಳೇ ನಿಮ್ಮ ಕಂಪನಿಗಳು. ಯಾರೋ ದಾರಿ ಬದಲಿಸಿರಬಹುದು. ಟ್ಯಾಲಿ ತೆರೆದು ಕಂಪನಿ ಆರಿಸುವ ಪರದೆಯಲ್ಲಿ ಕಾಣುವ ದಾರಿಯನ್ನೇ ನಂಬಿ. ನಕಲಿನ ಜತೆಗೆ ಟ್ಯಾಲಿಯ ಒಳಗಿನಿಂದಲೂ ಒಂದು ಬ್ಯಾಕಪ್ ತೆಗೆಯಿರಿ. ಎಲ್ಲಕ್ಕಿಂತ ಮುಖ್ಯ, ಹಳೆ ಡಿಸ್ಕ್ ಇನ್ನೂ ಬದುಕಿರುವಾಗಲೇ ಲೈಸೆನ್ಸ್ ಸರೆಂಡರ್ ಮಾಡಿ (ಈ ಯಂತ್ರದಿಂದ ಅದನ್ನು ಬಿಡಿಸಿ). ಆಮೇಲೆ ಹೊಸದರಲ್ಲಿ ಆಕ್ಟಿವೇಟ್ ಮಾಡುವುದು ಸಲೀಸು.

ನುಡಿ, ಬರಹ: ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪಿಸಿದ ಕಡತಗಳು ಹೊಸ ವಿಂಡೋಸ್‌ನಲ್ಲಿ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಕಡತ ಹಾಳಾಯಿತೆಂದು ಅಳಿಸಿಬಿಡಬೇಡಿ. ಒಳಗಿರುವುದು ಆ ಫಾಂಟ್‌ಗೆ ಮಾತ್ರ ಅರ್ಥವಾಗುವ ಸಂಕೇತ. ಅದೇ ಫಾಂಟ್ ಹಾಕಿದ ತಕ್ಷಣ ಕನ್ನಡ ಮರಳುತ್ತದೆ. ಹಾಗಾಗಿ ವಿಂಡೋಸ್ ಫೋಲ್ಡರಿನ ಫಾಂಟ್ಸ್‌ನಿಂದ ನುಡಿ ಎಂದು ಶುರುವಾಗುವುದನ್ನೂ, ಬಿಆರ್‌ಎಚ್ ಎಂದು ಶುರುವಾಗುವುದನ್ನೂ ಪೂರ್ತಿ ಎತ್ತಿಟ್ಟುಕೊಳ್ಳಿ.

ಔಟ್‌ಲುಕ್: ಪಾಪ್ ಖಾತೆಯಾಗಿದ್ದರೆ (ಮೇಲ್‌ಗಳನ್ನು ಸರ್ವರ್‌ನಿಂದ ಇಳಿಸಿಕೊಳ್ಳುವ ಬಗೆ) ಮೇಲ್‌ಗಳಿರುವ ಪಿಎಸ್‌ಟಿ ಫೈಲ್ ನಿಮ್ಮ ಹತ್ತಿರ ಮಾತ್ರ ಇರುತ್ತದೆ, ಸರ್ವರ್‌ನಲ್ಲಿ ಇಲ್ಲದಿರಬಹುದು. ಔಟ್‌ಲುಕ್ ಮುಚ್ಚಿ ನಕಲು ಮಾಡಿ, ತೆರೆದಿದ್ದರೆ ನಕಲಾಗದು.

ಡಿಜಿಟಲ್ ಸಹಿಯ ಟೋಕನ್: ಸಹಿ ಇರುವುದು ಯುಎಸ್‌ಬಿ ಟೋಕನ್ ಒಳಗೇ, ಅದಕ್ಕೇನೂ ಆಗದು. ಆದರೆ ಅದರ ಡ್ರೈವರ್ ಹೊಸದಾಗಿ ಹಾಕಬೇಕು. ಜಿಎಸ್‌ಟಿ ರಿಟರ್ನ್ ಕೊನೆಯ ದಿನದ ಹಿಂದಿನ ರಾತ್ರಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಮಲೆನಾಡ_ಮೋಡ

ಸರೆಂಡರ್ ವಿಷಯ ತಲೆಯಲ್ಲೇ ಇರಲಿಲ್ಲ, ಧನ್ಯವಾದ ಸರ್. ಹಾಗಾದರೆ ಎನ್‌ವಿಎಂಇನೇ ತಗೊಳ್ಳಲಾ? ಎಕ್ಸ್2 ಅಂದರೆ ಅರ್ಧ ವೇಗ ಅಲ್ವಾ?

ತಿರುಪು_ಮೊಳೆ

ತಗೊಳ್ಳಿ. ಎಕ್ಸ್2 ಅಂದರೆ ಎರಡು ಲೇನ್ (ಡೇಟಾ ಸಾಗೋ ದಾರಿ). ಪಿಸಿಐಇ 3.0ದ ಒಂದು ಲೇನ್‌ಗೆ ಸುಮಾರು 985 ಎಂಬಿ, ಎರಡಕ್ಕೆ 1900 ಚಿಲ್ಲರೆ; ನಿಜದಲ್ಲಿ 1600-1700 ಸಿಗುತ್ತೆ. ಸಾಟಾದ 550ಕ್ಕೆ ಹೋಲಿಸಿದರೆ ಮೂರು ಪಟ್ಟು. 4.0 ಡ್ರೈವ್ ಸಿಕ್ಕರೂ ಪರವಾಗಿಲ್ಲ, ಇದರಲ್ಲಿ 3.0 ವೇಗಕ್ಕೆ ಇಳಿದು ಓಡುತ್ತೆ. 7000 ಎಂಬಿಯದ್ದಕ್ಕೆ ಜಾಸ್ತಿ ದುಡ್ಡು ಸುರಿಯೋದು ಮಾತ್ರ ದಂಡ.

ದುಡ್ಡು ಹಾಕೋದಾದರೆ ಒಳಗಿನ ಫ್ಲಾಶ್ ಮೇಲೆ ಹಾಕಿ. ಟಿಎಲ್‌ಸಿನೋ (ಒಂದು ಕೋಶದಲ್ಲಿ 3 ಬಿಟ್) ಕ್ಯುಎಲ್‌ಸಿನೋ (4 ಬಿಟ್) ನೋಡಿ. ಕ್ಯುಎಲ್‌ಸಿ ಕ್ಯಾಶ್ ಇರೋವರೆಗೆ ಓಡುತ್ತೆ, ಮುಗಿದ ಮೇಲೆ ಕುಂಟುತ್ತೆ. ಸ್ಯಾಮ್‌ಸಂಗ್ 870 ಕ್ಯುವಿಒ 1 ಟಿಬಿಯ ಲೆಕ್ಕ ಕಂಪನಿಯೇ ಹೇಳಿಕೊಂಡಿದೆ: 42 ಜಿಬಿ ಕ್ಯಾಶ್ ತುಂಬಿದ ಮೇಲೆ ಬರೆಯೋ ವೇಗ 80 ಎಂಬಿ. ಅದು ಹಾರ್ಡ್ ಡಿಸ್ಕ್‌ನ ವೇಗ! ಬರೀ ಬ್ರೌಸರ್, ಟ್ಯಾಲಿಗೆ ಇದು ಗೊತ್ತೂ ಆಗಲ್ಲ. 200 ಜಿಬಿ ವಿಡಿಯೋ ತುಂಬುವಾಗ ಗೊತ್ತಾಗುತ್ತೆ.

ಅರ್ಧರಾತ್ರಿ_ಲಿನಕ್ಸ್

ಡಿರ‍್ಯಾಮ್ ಇದೆಯಾ ಅನ್ನೋದನ್ನೂ ಸೇರಿಸಿ. ಯಾವ ಡೇಟಾ ಯಾವ ಚಿಪ್‌ನಲ್ಲಿದೆ ಅನ್ನೋ ಪಟ್ಟಿ ಇಟ್ಕೊಳ್ಳೋಕೆ ಅದು. ಡಿರ‍್ಯಾಮ್ ಇಲ್ಲದ ಎನ್‌ವಿಎಂಇ ಲ್ಯಾಪ್‌ಟಾಪ್‌ನ ರ‍್ಯಾಮ್‌ನಿಂದ ಚೂರು ಎರವಲು ತಗೊಂಡು ಸುಧಾರಿಸುತ್ತೆ. ಸಾಟಾಗೆ ಆ ಸೌಲಭ್ಯ ಇಲ್ಲ. ಹಾಗಾಗಿ ‘ಡಿರ‍್ಯಾಮ್ ಇಲ್ಲದ್ದು ಬೇಡ’ ಅನ್ನೋ ಮಾತು ಸಾಟಾದಲ್ಲಿ ತೂಕದ್ದು, ಎನ್‌ವಿಎಂಇಯಲ್ಲಿ ಅಷ್ಟಿಲ್ಲ.

ತಿರುಪು_ಮೊಳೆ

ಒಪ್ಪಿದೆ. ಆದರೆ 4 ಜಿಬಿ ರ‍್ಯಾಮ್‌ನ ಹಳೇ ಮಷೀನ್‌ಗೆ ಹಾಕೋರಿಗೆ ಡಿರ‍್ಯಾಮ್ ಇಲ್ಲದ ಸಾಟಾ ಕೂಡ ಹಾರ್ಡ್ ಡಿಸ್ಕ್ ಮುಂದೆ ಆಕಾಶ-ಭೂಮಿ ವ್ಯತ್ಯಾಸ. ಬಾಳಿಕೆ ಬಗ್ಗೆ ಹೆದರೋರಿಗೆ ಕಂಪನಿಗಳ ಅಂಕಿ: ಸ್ಯಾಮ್‌ಸಂಗ್ 870 ಇವೊ 500 ಜಿಬಿಗೆ 300 ಟಿಬಿ ಬರೆಯೋ ಭರವಸೆ, 5 ವರ್ಷ ವಾರಂಟಿ, ಕ್ರೂಶಿಯಲ್ ಎಂಎಕ್ಸ್500 500 ಜಿಬಿಗೆ 180 ಟಿಬಿ, 5 ವರ್ಷ, ಬಿಎಕ್ಸ್500 480 ಜಿಬಿಗೆ 120 ಟಿಬಿ, 3 ವರ್ಷ. ದಿನಕ್ಕೆ 20 ಜಿಬಿ ಬರೆದರೆ ವರ್ಷಕ್ಕೆ 7.3 ಟಿಬಿ. 120 ಮುಗಿಯೋಕೆ 16 ವರ್ಷ ಬೇಕು. ಅಷ್ಟರೊಳಗೆ ಲ್ಯಾಪ್‌ಟಾಪ್‌ನ ಹಿಂಜ್ ಮುರಿದಿರುತ್ತೆ.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ತಗೊಳ್ಳಿ, ಆನ್‌ಲೈನ್‌ನಲ್ಲಿ ತಗೊಳ್ಳಿ, ಬಂದ ದಿನವೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಮಾಡೆಲ್ ಹೆಸರು, ಪವರ್ ಆನ್ ಅವರ್ಸ್, ಟೋಟಲ್ ಹೋಸ್ಟ್ ರೈಟ್ಸ್ ನೋಡಿ. ಹೊಸದಾದರೆ ಗಂಟೆ ಒಂದಂಕಿಯಲ್ಲಿರಬೇಕು. ಸಾವಿರಾರು ಗಂಟೆ ಇದ್ದರೆ ಯಾರದೋ ಹಳೆ ಲ್ಯಾಪ್‌ಟಾಪ್‌ನಿಂದ ಕಿತ್ತದ್ದು, ಅವತ್ತೇ ವಾಪಸ್ ಕೊಡಿ.

ಹುಬ್ಳಿ_ಹಾರ್ಡ್‌ವೇರ್

ಬಿಚ್ಚೂದರ ಬಗ್ಗೆ ಯಾರೂ ಹೇಳ್ಲಿಲ್ಲಲ್ರಿ. ನಾ ಹೇಳ್ತೀನಿ ಕೇಳ್ರಿ.

ಚಾರ್ಜರ್ ತಗೀರಿ, ಪೂರ್ತಿ ಶಟ್‌ಡೌನ್ ಮಾಡ್ರಿ. ಶಿಫ್ಟ್ ಒತ್ತಿ ಹಿಡದು ಶಟ್‌ಡೌನ್ ಕೊಟ್ರ ಫಾಸ್ಟ್ ಸ್ಟಾರ್ಟಪ್ ಇದ್ರೂ ಪೂರ್ತಿ ಆಫ್ ಆಗ್ತೈತಿ. ಕೆಳಗಿನ ಸ್ಕ್ರೂ ಎಲ್ಲಾ ಒಂದ ಉದ್ದ ಇರೂದಿಲ್ರಿ. ಉದ್ದಂದನ್ನ ಗಿಡ್ಡದ ಜಾಗಾಕ್ಕ ಹಾಕಿ ತಿರುವಿದ್ರ ಮ್ಯಾಲ ಕೀಬೋರ್ಡ್ ಕಡೆ ಉಬ್ಬು ಬರ್ತೈತಿ, ಇಲ್ಲಾ ಬೋರ್ಡ್‌ಗೆ ಚುಚ್ಚತೈತಿ. ಒಂದು ರಟ್ಟಿನ ಮ್ಯಾಲ ಲ್ಯಾಪ್‌ಟಾಪ್ ಚಿತ್ರ ಬರದು, ಎಲ್ಲಿ ಸ್ಕ್ರೂ ಅಲ್ಲೇ ಚುಚ್ಚಿಡ್ರಿ. ಎಲ್ಲಾ ತಗದ್ರೂ ಮುಚ್ಚಳ ಏಳಲಿಲ್ಲಂದ್ರ ಜೋರ ಮಾಡಬ್ಯಾಡ್ರಿ. ರಬ್ಬರ್ ಕಾಲಿನ ಕೆಳಗ ನೋಡ್ರಿ, ಡಿವಿಡಿ ಡ್ರೈವ್ ಇದ್ರ ಅದನ್ನ ಎಳದ ಜಾಗಾದಾಗ ನೋಡ್ರಿ, ಅಲ್ಲಿ ಎರಡ ಮೂರ ಸಣ್ಣ ಸ್ಕ್ರೂ ಅಡಗಿರ್ತಾವ. ಸಂದಿ ಬಿಡಿಸಾಕ ಹಳೇ ಎಟಿಎಂ ಕಾರ್ಡ್ ಸಾಕ್ರಿ, ಕಬ್ಬಿಣದ್ದು ಬ್ಯಾಡ.

ಮುಚ್ಚಳ ತಗದ ಕೂಡಲೇ ಮೊದಲನೇ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸೂದು. ವೈರ್ ಹಿಡದು ಜಗ್ಗಬ್ಯಾಡ್ರಿ, ಕನೆಕ್ಟರ್‌ನ ಎರಡೂ ಕಿವಿ ಉಗುರಿಂದ ಸ್ವಲ್ಪ ಸ್ವಲ್ಪ ಸರಸ್ರಿ. ಆಮ್ಯಾಲ ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡೀರಿ, ಉಳದ ಕರೆಂಟ್ ಹೋಗ್ಲಿ.

ಹಾರ್ಡ್ ಡಿಸ್ಕ್ ಬೋರ್ಡ್‌ಗೆ ಸೇರಿರೂದು ಭಾಳ ಮಾಡೆಲ್‌ನಾಗ ಒಂದು ಅಗಲ ರಿಬ್ಬನ್ ಕೇಬಲ್‌ನಿಂದ. ಬೋರ್ಡ್ ಕಡೆ ತುದಿಗೆ ಒಂದು ಕರೀ ಅಥವಾ ಬಿಳೀ ರೆಪ್ಪಿ ಇರ್ತೈತಿ, ಅಕ್ಕಿಕಾಳಿನಷ್ಟ ದಪ್ಪ. ಅದನ್ನ ಉಗುರಿಂದ ಮ್ಯಾಲೆತ್ತಿದ್ರ ಕೇಬಲ್ ತಾನ ಸಡಿಲ ಆಗಿ ಬರ್ತೈತಿ. ರೆಪ್ಪಿ ಎತ್ತದ ಜಗ್ಗಿದ್ರ ಕೇಬಲ್‌ನ ಚಿನ್ನದ ಗೆರಿ ಕೀಳತಾವು, ಇಲ್ಲಾ ರೆಪ್ಪಿ ಮುರೀತೈತಿ. ಆ ಕೇಬಲ್ ಆ ಮಾಡೆಲ್‌ಗಷ್ಟ ಬರೂದು, ಅಂಗಡ್ಯಾಗ ಕೇಳಿದ್ರ ತಿಂಗಳ ಅಂತಾರ. ಮುಂದ ಯಾವಾಗರ 2.5 ಇಂಚಿನ ಎಸ್‌ಎಸ್‌ಡಿ ಹಾಕಬೇಕಂದ್ರ ಅದು ಬೇಕಾಗ್ತೈತಿ, ಡಿಸ್ಕ್ ತಗದ್ರೂ ಕೇಬಲ್, ಟ್ರೇ, ನಾಲ್ಕು ಎಂ3 ಸ್ಕ್ರೂ ಜ್ವಾಪಾನ ಇಡ್ರಿ.

ಎಂ.2 ಕಾರ್ಡ್‌ನ 30 ಡಿಗ್ರಿ ಓರೆ ಹಿಡದು ಒಳಗ ನೂಕ್ರಿ. ಚಿನ್ನದ ತುದಿ ಹೊರಗ ಕಾಣೂದು ಬಹುಶಃ ಒಂದು ಕೂದಲ ಎಳಿಯಷ್ಟ ಇರಬೇಕು; 2 ಮಿಮೀ ಕಂಡ್ರ ಪೂರ್ತಿ ಹೋಗಿಲ್ಲ. ಬಿಟ್ರ ತಾನ ಮ್ಯಾಲೇಳತೈತಿ, ಅದು ಸರಿ. ಕೆಳಗ ಒತ್ತಿ ಎಂ2 (2 ಮಿಮೀ ದಪ್ಪದ) ಸ್ಕ್ರೂ ಹಾಕ್ರಿ. ಖಾಲಿ ಸ್ಲಾಟ್ ಇದ್ದ ಭಾಳ ಲ್ಯಾಪ್‌ಟಾಪ್‌ದಾಗ ಕಂಪನಿಯವ್ರು ಆ ಸ್ಕ್ರೂ ಕೊಟ್ಟಿರೂದಿಲ್ರಿ, ಎಸ್‌ಎಸ್‌ಡಿ ತಗೊಳ್ಳುವಾಗ 10 ರೂಪಾಯಿದು ಒಂದು ಕೇಳಿ ತಗೊಂಡು ಬರ್ರಿ. ಟೇಪ್ ಹಚ್ಚಬ್ಯಾಡ್ರಿ, ಬಿಸಿಗೆ ಅಂಟು ಬಿಡತೈತಿ.

2.5 ಇಂಚಿನವ್ರಿಗೆ: ಎಸ್‌ಎಸ್‌ಡಿ 7 ಮಿಮೀ, ಹಳೇ ಬೇ 9.5 ಇದ್ರ ಲಟಲಟ ಅಂತೈತಿ. 2.5 ಮಿಮೀದ ಪ್ಲಾಸ್ಟಿಕ್ ಚೌಕಟ್ಟು ಸಿಗತೈತಿ, ಅಂಟಸ್ರಿ. ಡಿವಿಡಿ ಜಾಗಾಕ್ಕ ಕ್ಯಾಡಿ (ಡಿಸ್ಕ್ ಹಿಡಿಯೂ ಚೌಕಟ್ಟು) ಹಾಕೂದಾದ್ರ ಹಾರ್ಡ್ ಡಿಸ್ಕ್ ಕ್ಯಾಡಿಗೆ, ಎಸ್‌ಎಸ್‌ಡಿ ಮೂಲ ಬೇಗೆ. ಡಿವಿಡಿ ಪೋರ್ಟ್ ಭಾಳ ಕಡೆ ನಿಧಾನದ ಸಾಟಾ ಇರ್ತೈತಿ. ಕ್ಯಾಡಿ 9.5 ಮತ್ತ 12.7 ಮಿಮೀ ಎರಡು ಅಳತಿ, ಅಳದು ತಗೊಳ್ರಿ.

ಅರ್ಧರಾತ್ರಿ_ಲಿನಕ್ಸ್

ವಿಂಡೋಸ್ ಹಾಕೋ ಭಾಗ. 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಐ5-8250ಯು 11ರ ಪಟ್ಟಿಯಲ್ಲಿದೆ, ಹಾಗಾಗಿ ಸೀದಾ 11 ಹಾಕಿ. 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್. ಲೈಸೆನ್ಸ್ ಮದರ್‌ಬೋರ್ಡ್‌ಗೆ ಕಟ್ಟಿದ್ದು, ಡಿಸ್ಕ್‌ಗಲ್ಲ; ಕೀ ಕೇಳಿದರೆ ‘ನನ್ನ ಹತ್ತಿರ ಕೀ ಇಲ್ಲ’ ಒತ್ತಿ, ಹೋಮ್ ಇದ್ದಲ್ಲಿ ಹೋಮನ್ನೇ ಆರಿಸಿ. ಪ್ರೊ ಆರಿಸಿದರೆ ಆಕ್ಟಿವೇಟ್ ಆಗಲ್ಲ.

ಹಾರ್ಡ್ ಡಿಸ್ಕನ್ನ ಬಿಡಿಸಿಟ್ಟೇ ಹಾಕಿ. ಎರಡೂ ಇದ್ದಾಗ ಹಾಕಿದರೆ ಸೆಟಪ್ ಹಳೆ ಡಿಸ್ಕ್‌ನಲ್ಲಿ ಆಗಲೇ ಇರೋ ಇಎಫ್‌ಐ ಪಾರ್ಟಿಶನ್‌ಗೆ ಬೂಟ್ ಫೈಲ್ ಬರೆದು, ವಿಂಡೋಸನ್ನ ಮಾತ್ರ ಎಸ್‌ಎಸ್‌ಡಿಗೆ ಹಾಕುತ್ತೆ. ಎಲ್ಲ ಸರಿಯಾಗೇ ಓಡುತ್ತೆ. ಆರು ತಿಂಗಳಾದ ಮೇಲೆ ಹಳೆ ಡಿಸ್ಕ್ ತೆಗೆದ ದಿನ ಎಸ್‌ಎಸ್‌ಡಿ ಬೂಟ್ ಆಗಲ್ಲ, ಕಾರಣ ಯಾರಿಗೂ ಹೊಳೆಯಲ್ಲ.

ಆಗಲೇ ಹಾಗೆ ಆಗಿರೋರಿಗೆ, ಕ್ಲೋನ್ ಮಾಡಿ ಸಿ000000ಇ ಅಂತ ಮುಗಿಯೋ ದೋಷ ಬಂದಿರೋರಿಗೂ ಮದ್ದು ಒಂದೇ. ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಶಿಫ್ಟ್ ಎಫ್10 ಒತ್ತಿ, ಡಿಸ್ಕ್‌ಪಾರ್ಟ್‌ನಲ್ಲಿ ಎಸ್‌ಎಸ್‌ಡಿಯ 100 ಎಂಬಿಯ ಇಎಫ್‌ಐ ಪಾರ್ಟಿಶನ್‌ಗೆ ಎಸ್ ಅಕ್ಷರ ಕೊಡಿ (ಅದು ಇಲ್ಲದಿದ್ದರೆ ಸಿಯಿಂದ ಸ್ವಲ್ಪ ಕುಗ್ಗಿಸಿ ಮಾಡಿ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ). ಹೊರಗೆ ಬಂದು ‘ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್‌ಐ’. ಪೆನ್‌ಡ್ರೈವ್‌ನಿಂದ ಎದ್ದಾಗ ಸಿ ಅಕ್ಷರ ಬೇರೆ ಪಾರ್ಟಿಶನ್‌ಗೆ ಹೋಗಿರಬಹುದು, ಮೊದಲು ‘ಡಿಐಆರ್’ ಹೊಡೆದು ವಿಂಡೋಸ್ ಫೋಲ್ಡರ್ ಎಲ್ಲಿದೆ ನೋಡ್ಕೊಳ್ಳಿ.

ಬಯಾಸ್‌ನಲ್ಲಿ ಸಾಟಾ ಮೋಡ್ (ಬೋರ್ಡ್ ಡಿಸ್ಕ್‌ಗಳನ್ನ ನಡೆಸೋ ಬಗೆ; ಎಎಚ್‌ಸಿಐ, ರೇಡ್ ಅಂತ ಇರುತ್ತೆ) ಎಎಚ್‌ಸಿಐ ಇರಲಿ. ಹೊಸದಾಗಿ ಹಾಕೋರು ಮೊದಲೇ ಬದಲಿಸಿದರೆ ಸಾಕು. ಇರೋ ವಿಂಡೋಸ್ ಉಳಿಸಿಕೊಂಡು ರೇಡ್‌ನಿಂದ ಬದಲಿಸೋರು ಒಮ್ಮೆ ಸೇಫ್ ಮೋಡ್‌ಗೆ ಬೂಟ್ ಆಗೋ ಹಾಗೆ ಎಂಎಸ್‌ಕಾನ್ಫಿಗ್‌ನಲ್ಲಿ ಗುರುತು ಹಾಕಿ, ರೀಸ್ಟಾರ್ಟ್‌ನಲ್ಲಿ ಬಯಾಸ್ ಬದಲಿಸಿ, ಸೇಫ್ ಮೋಡ್‌ಗೆ ಬಂದ ಮೇಲೆ ಗುರುತು ತೆಗೀಬೇಕು. ಇಲ್ಲದಿದ್ದರೆ ನೀಲಿ ಪರದೆ. 11ನೇ ತಲೆಮಾರು ಮತ್ತು ಆಮೇಲಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸೆಟಪ್‌ಗೆ ಡಿಸ್ಕೇ ಕಾಣಲ್ಲ ಅಂದರೆ ವಿಎಂಡಿ (ಡ್ರೈವ್‌ಗಳನ್ನ ನಿಭಾಯಿಸೋ ಇಂಟೆಲ್ ವ್ಯವಸ್ಥೆ) ಆನ್ ಇದೆ ಅಂತ. ಇಂಟೆಲ್ ಆರ್‌ಎಸ್‌ಟಿ ಡ್ರೈವರನ್ನ ಬಿಚ್ಚಿ ಪೆನ್‌ಡ್ರೈವ್‌ಗೆ ಹಾಕಿ ‘ಲೋಡ್ ಡ್ರೈವರ್’ ಕೊಡಿ.

ಮಲೆನಾಡ_ಮೋಡ

500 ಜಿಬಿ ಟಿಎಲ್‌ಸಿ ಎನ್‌ವಿಎಂಇ, ವಿಂಡೋಸ್ 11 ಹೋಮ್, ಆಕ್ಟಿವೇಟ್ ಆಗಿದೆ. ರೋಬೊಕಾಪಿ ಲಾಗ್‌ನಲ್ಲಿ ಮೂರು ಫೋಟೊ, ಒಂದು ವಿಡಿಯೊ ಮಾತ್ರ ಉಳಿದಿವೆ. ಟ್ಯಾಲಿ ಸರಿ. ಲಾಗಿನ್ ಆಗಿ ಅರ್ಧ ನಿಮಿಷಕ್ಕೆ ಡಿಸ್ಕ್ 2-3%ಗೆ ಇಳಿಯುತ್ತೆ. ಇನ್ನು ಸೆಟ್ಟಿಂಗ್ ಏನಾದರೂ ಬದಲಿಸಬೇಕಾ? ಪೇಜ್ ಫೈಲ್ ತೆಗೀಬೇಕು, ಇಂಡೆಕ್ಸಿಂಗ್ ನಿಲ್ಲಿಸಬೇಕು ಅಂತ ಒಂದು ಕಡೆ ಓದಿದೆ.

ತಿರುಪು_ಮೊಳೆ

ಅದೆಲ್ಲ ಎಸ್‌ಎಸ್‌ಡಿಗಳು 30-60 ಜಿಬಿ ಇದ್ದ ಕಾಲದ ಉಪದೇಶ. ಯಾವುದನ್ನೂ ಮುಟ್ಟಬೇಡಿ. ‘ಎಫ್‌ಎಸ್‌ಯುಟಿಲ್ ಬಿಹೇವಿಯರ್ ಕ್ವೆರಿ ಡಿಸೇಬಲ್‌ಡಿಲೀಟ್‌ನೋಟಿಫೈ’ ಹೊಡೆದು 0 ಬಂದರೆ ಟ್ರಿಮ್ (ಅಳಿಸಿದ ಜಾಗ ಯಾವುದು ಅಂತ ಎಸ್‌ಎಸ್‌ಡಿಗೆ ತಿಳಿಸೋ ಏರ್ಪಾಡು) ಆನ್ ಇದೆ ಅಂತ (ಹೆಸರು ತಿರುಗಾಮುರುಗಾ, ಸೊನ್ನೆನೇ ಒಳ್ಳೇದು). ಆಪ್ಟಿಮೈಸ್ ಡ್ರೈವ್ಸ್‌ನಲ್ಲಿ ಸಾಲಿಡ್ ಸ್ಟೇಟ್ ಅಂತ ತೋರಿಸಿದರೆ ವಿಂಡೋಸ್ ತಾನೇ ನೋಡ್ಕೊಳ್ಳುತ್ತೆ. ಬೇರೆ ಡೀಫ್ರಾಗ್ ಸಾಫ್ಟ್‌ವೇರ್ ಹಾಕಬೇಡಿ. 10-15% ಖಾಲಿ ಬಿಡಿ. ಡಿವೈಸ್ ಎನ್‌ಕ್ರಿಪ್ಶನ್ ತಾನಾಗಿ ಆನ್ ಆಗಿರಬಹುದು, ಆ 48 ಅಂಕಿ ಬರೆದಿಟ್ಕೊಳ್ಳಿ.

ಮಲೆನಾಡ_ಮೋಡ

ಆಯ್ತು. ಹಳೆ ಡಿಸ್ಕನ್ನ ಗುಜರಿಗೆ ಕೊಡೋ ಮುಂಚೆ ಟ್ಯಾಲಿ ಡೇಟಾ ಅಳಿಸಬೇಕು. ಫಾರ್ಮ್ಯಾಟ್ ಸಾಕಾ?

ಅರ್ಧರಾತ್ರಿ_ಲಿನಕ್ಸ್

ಕ್ವಿಕ್ ಫಾರ್ಮ್ಯಾಟ್ ಸಾಲದು, ಸೂಚಿಪಟ್ಟಿ ಮಾತ್ರ ಹೋಗುತ್ತೆ. ಯುಎಸ್‌ಬಿ ಕೇಬಲ್‌ಗೆ ಸಿಕ್ಕಿಸಿ ಡಿಸ್ಕ್‌ಪಾರ್ಟ್‌ನಲ್ಲಿ ‘ಕ್ಲೀನ್ ಆಲ್’ ಕೊಡಿ, ಪ್ರತಿ ಸೆಕ್ಟರ್‌ಗೂ ಸೊನ್ನೆ ಬರೆಯುತ್ತೆ, 1 ಟಿಬಿಗೆ ಮೂರು ಗಂಟೆ ಮೇಲೆ. ಖಚಿತ ಮಾಡ್ಕೊಳ್ತೀರಾ ಅಂತ ಅದು ಒಂದು ಮಾತೂ ಕೇಳಲ್ಲ. ಹಾಗಾಗಿ ‘ಲಿಸ್ಟ್ ಡಿಸ್ಕ್’ ಹೊಡೆದು ಅಳತೆ ನೋಡಿ ಆರಿಸಿ: 931 ಹಳೆಯದು, 465 ಹೊಸದು. 0, 1 ಅನ್ನೋ ಕ್ರಮ ನಂಬಬೇಡಿ, ಬೂಟ್‌ನಿಂದ ಬೂಟ್‌ಗೆ ಬದಲಾಗುತ್ತೆ.

ಮುಗಿದ ಮೇಲೆ ಸಿ5 24ರಿಂದ ಸೊನ್ನೆಗೆ ಇಳಿದಿರಬಹುದು. ಬರೆದಾಗ ಆ ಸೆಕ್ಟರ್‌ಗಳು ಒಂದೋ ಸರಿ ಅನ್ನಿಸಿಕೊಂಡವು, ಇಲ್ಲ 05ರ ಲೆಕ್ಕಕ್ಕೆ ಹೋದವು. ಹಸಿರು ಬಣ್ಣ ನೋಡಿ ಎನ್‌ಕ್ಲೋಶರ್‌ಗೆ ಹಾಕಿ ಬ್ಯಾಕಪ್‌ಗೆ ಇಟ್ಕೊಳ್ಳೋ ಆಸೆ ಆಗುತ್ತೆ. ಬೇಡ, ಗುಜರಿಗೇ ಕೊಡಿ.

ಹುಬ್ಳಿ_ಹಾರ್ಡ್‌ವೇರ್

ಕೊಡೂಕಿಂತ ಮೊದಲ ಟ್ರೇ ಬಿಚ್ಚಿಟ್ಕೊಂಡ್ರಿಲ್ಲೋ ನೋಡ್ರಿ.